ಕ್ಯಾರಿಯರ್ ಹಿಡಿದು ಓಡುವಾತ

ಯಾದಗಿರಿ, ಕ್ರೂಸರ್ ಸ್ಟ್ಯಾಂಡು
೧೦ ನವೆಂಬರ್ ೨೦೨೪

ಚಿರಂಜೀವಿ ರಾಧಿಕಾಗ ಗುರಣ್ಣ ಮಾವನ ಆಶೀರ್ವಾದ.

ಮೊದಲ ಒಂದು ಮಾತು ತಿಳಕೊ. ಭೀಮಾ ನದಿ ಎರಡೂ ದಂಡಿ ತುಂಬಿ ಹರಿಯೋ ವರ್ಷ ನೀರಿನ ಮ್ಯಾಲ ಸೈಕಲ್ ಹೊಡಕೊಂಡು ಆ ದಂಡಿಗೆ ಹೋಗಿ, ಚಾ ಕುಡದು ತಿರುಗಿ ಬಂದಾವ ಇಡೀ ಜಿಲ್ಲಾದಾಗ ನಾ ಒಬ್ಬನ. ಟೈರ್ ಅಷ್ಟ ತೊಯ್ದಿತ್ತು, ಚಪ್ಪಲಿ ಒಣ ಇತ್ತು. ನೋಡಿದವರೆಲ್ಲ ತೀರಿಕೊಂಡಾರ, ಅದಕ್ಕ ಸಾಕ್ಷಿ ಕೇಳಬ್ಯಾಡ.

ಇಂಥಾವನ ಕೈಯಾಗ ನಿನ್ನ ಕೆಲಸ ಬಂದದ ಅಂದ್ರ ಆತಂತ ತಿಳಿ.

ನಿನ್ನ ಚೀಟಿ ಬಾಷುಮಿಯಾ ಶಹಾಪುರದಿಂದ ಕ್ರೂಸರ್‌ದಾಗ ತಂದು ನನ್ನ ಕೈಯಾಗ ಇಟ್ಟ. ನಾ ಆವಾಗ ಅವನ ಗಾಡಿಗೇ ಮಂದಿ ಕರ್ಯಾಕತ್ತಿದ್ದೆ, "ಶಹಾಪುರ ಶಹಾಪುರ ಶಹಾಪುರ" ಅಂತ. ಎರಡ ಸಾಲು ಬರದಿದ್ದಿ. "ಮಾವ, ನನ್ನ ಮನಿಗೆ ಕರಕೊಂಡು ಹೋಗು. ಇಲ್ಲಾಂದ್ರ ಸಾಲಿನ ಬಿಡತೀನಿ." ಓದಿದ ಮ್ಯಾಲ ಮಂದಿ ಕರಿಯೋದು ಮರತು ಹೋತು ನೋಡು. ಬಾಷುಮಿಯಾ ಅರ್ಧ ಖಾಲಿ ಗಾಡಿ ಹೊಡಕೊಂಡು ಹೋದ, ಬೈಕೋತ.

ನಿಮ್ಮವ್ವನ ಮುಂದ ಮಾತು ತಗದೆ. ನನ್ನ ತಂಗಿ ಸುಗಲವ್ವ ಹೆಂಗಂತ ನಿನಗೇನು ಹೇಳೋದು. ಸಾಲಿ ಬಿಸಿಯೂಟದ ಸಾರು ತಿರುವೋ ಸೌಟು ಕೈಯಾಗ ಹಿಡಕೊಂಡ ಅಂದಳು: "ಊರಾಗ ಏಳನೆತ್ತೆ ತನಕ ಅಷ್ಟ ಸಾಲಿ ಅದ. ಯಾದಗಿರಿ ಹೈಸ್ಕೂಲಿಗೆ ಮುಂಜಾನಿ ಹೊತ್ತಿಗೆ ಬಸ್ಸಿಲ್ಲ. ಲಾರಿ ಓಡ್ಯಾಡೋ ಹಾದ್ಯಾಗ ನನ್ನ ಮಗಳು ಒಬ್ಬಾಕಿನ ನಡಕೋತ ಹೋಗಬೇಕೇನು? ಹಾಸ್ಟೆಲ್‌ನ್ಯಾಗ ಹೊಟ್ಟಿಗೆ ಹಾಕತಾರ, ಓದಸ್ತಾರ. ಇರಲಿ." ನಿಮ್ಮಪ್ಪ ಮರಿಲಿಂಗಗ ಕೇಳಿದ್ರ, "ಅಕಿ ಹೇಳಿದಂಗ" ಅಂದ. ಅಂವ ಕಡೇಚೂರ ಫ್ಯಾಕ್ಟರಿಯಿಂದ ವಾರಕ್ಕೊಮ್ಮಿ ಬರತಾನ, ನಿದ್ದಿ ಮಾಡತಾನ, ಹೋಗತಾನ.

ಆದ್ರ ನಿನ್ನ ಮಾವ ಸುಮ್ಮ ಕೂಡಾವಲ್ಲ. ಸುರಪುರದ ಕಡಿಯವ್ರು ಮಹೇಶಕುಮಾರ ಸರ್ ಅಂತ ಒಬ್ಬರು ಐತವಾರಕ್ಕೊಮ್ಮಿ ಗೆಳೆಯರ ಕೂಡ ಟೆಂಪೋದಾಗ ಹಳೆ ಸೈಕಲ್ ಹೇರಕೊಂಡು ನಮ್ಮೂರ ಸಾಲಿ ಬಯಲಿಗೆ ಬರಾಕತ್ತಾರ. ಹುಡುಗ್ಯಾರಿಗೆ ಪುಕ್ಕಟ ಸೈಕಲ್ ಕಲಸ್ತಾರ. ಬ್ಯಾಸಗಿ ಮುಗಿಯೋದರಾಗ ನಾಕು ಹುಡುಗ್ಯಾರು ತಯಾರಾಗಿ ಒಟ್ಟಿಗೆ ಯಾದಗಿರಿಗೆ ಹೊಂಟ್ರ, ಐದನೇದಾಕಿ ನೀ. ಒಂಬತ್ತನೆತ್ತೆ ಇಲ್ಲೇ. ನಾನೂ ಆ ಸ್ವಯಂಸೇವಕರಾಗ ಹೆಸರ ಹಚ್ಚೀನಿ.

ಉಣ್ಣು. ಫಿಕರ್ ಮಾಡಬ್ಯಾಡ.

ಭೀಮಾ ನದಿ ದಾಟಿದ ನಿನ್ನ ಮಾವ
ಗುರಣ್ಣ

•

ಶಹಾಪುರ, ಹಾಸ್ಟೆಲ್
೧೭ ನವೆಂಬರ್ ೨೦೨೪

ಮಾವಗ ನಮಸ್ಕಾರ.

ನಿನ್ನ ಪತ್ರ ವಾರ್ಡನ್ ಪಾರ್ವತಿಬಾಯಿ ಅಕ್ಕಾರು ಮೊದಲ ಓದಿ ಆಮ್ಯಾಲ ನನಗ ಕೊಟ್ರು. ಓದಿ ನಕ್ಕೋತ, "ನಿಮ್ಮ ಮಾವ ಖರೇನ ನೀರ ಮ್ಯಾಲ ಸೈಕಲ್ ಹೊಡದಾನೇನು?" ಅಂತ ಕೇಳಿದ್ರು. "ಅವಗ ನೆಲದ ಮ್ಯಾಲೇ ಬರಂಗಿಲ್ರಿ ಅಕ್ಕಾರ" ಅಂದೆ. ಸಿಟ್ಟಾಗಬ್ಯಾಡ. ನೀ ಒಂದ ದಿನಾನೂ ಸೈಕಲ್ ಹತ್ತಿಲ್ಲಂತ ಅವ್ವ ನೂರ ಸಲ ಹೇಳ್ಯಾಳ. ನೀ ಏನು ಕಲಸ್ತಿ? ನನಗೂ ಬರಂಗಿಲ್ಲ. ಚಲೋ ಜೋಡಿ ಆತು.

ಇಲ್ಲಿ ಊಟ ಚಲೋ ಅದ. ಓದೂ ಚಲೋ ಅದ. ಅದಲ್ಲ ಮಾವ. ಸಂಜಿಗೆ ಎಲ್ಲಾರೂ ಸಾಲಾಗಿ ಕುಂತು ಪ್ರಾರ್ಥನಾ ಮಾಡೋ ಹೊತ್ತಿಗೆ ಅವ್ವ ಮನ್ಯಾಗ ರೊಟ್ಟಿ ಬಡಿಯೋ ಸಪ್ಪಳ ಕಿವ್ಯಾಗ ಬರತದ. ಆವಾಗ ಪ್ರಾರ್ಥನಾ ಮರತು ಹೋಗತದ.

ಐತವಾರ ಐತವಾರ ಅವ್ವ ಫೋನ್ ಮಾಡತಾಳ. ವಾರ್ಡನ್ ಖೋಲಿಯಾಗ ನಿಂತು, ಹಿಂದ ಇಷ್ಟುದ್ದ ಪಾಳಿ, ಎಲ್ಲಾರೂ ಕೇಳಸ್ಕೋತಾರ. ಅವ್ವ ಮಾತಾಡತಾಳ, ನಾ ಸುಮ್ಮ ನಿಂದರತೀನಿ. ಅಕಿ ಕಳಿಸ್ಯಾಳ, ಅಕಿನ ಮಾತಾಡಲಿ.

ಪರೀಕ್ಷಾ ಮುಗದ ಮ್ಯಾಲ ಕರಕೊಂಡು ಹೋಗಲಿಲ್ಲಂದ್ರ ನಾ ಸಾಲಿ ಬಿಟ್ಟು ಹತ್ತಿ ಬಿಡಸಾಕ ಹೋಗತೀನಿ. ಇದು ಖರೆ. ನಿನ್ನ ನದಿ ಮಾತಲ್ಲ.

ರಾಧಿಕಾ

•

ಯಾದಗಿರಿ
೯ ಡಿಸೆಂಬರ್ ೨೦೨೪

ರಾಧಿ,

ಪಾರ್ವತಿಬಾಯಿ ಅಕ್ಕಾರಿಗೆ ನನ್ನ ಶರಣು ಹೇಳು. ಅಕ್ಕಾರ, ಹುಡುಗಿ ಮಾತು ನಂಬಬ್ಯಾಡ್ರಿ, ಸಣ್ಣ ಹುಡುಗಿ.

ಮೊದಲನೇ ಐತವಾರ ಮಹೇಶಕುಮಾರ ಸರ್ ಕೇಳಿದ್ರು, "ಗುರಣ್ಣ, ಸೈಕಲ್ ಬರತದೇನ್ರಿ?" ನಾ, "ಬರೋದೇನ್ರಿ ಸರ್, ಭೀಮಾ ನದಿ..." ಅನ್ನೋದರಾಗ, ಸೈಕಲ್ ಕಲಸವರಿಗೆ ಸಾರು ಕುದಸಾಕ ಬಂದಿದ್ದ ನಿಮ್ಮವ್ವ ಸಾಲಿ ಅಡಿಗಿ ಖೋಲಿ ಬಾಗಲದಿಂದ ಒದರಿದಳು. "ಸರ್, ನಮ್ಮಣ್ಣಗ ಸೈಕಲ್ಲಿಗೆ ಸ್ಟ್ಯಾಂಡ್ ಹಾಕಾಕ ಸೈತ ಬರಂಗಿಲ್ರಿ!" ಊರ ಮಂದಿ ಎಲ್ಲಾ ನಕ್ಕಿತು. ಒಡಹುಟ್ಟಿದಾಕಿ ಮಾತಾಡೋ ಮಾತೇನು ಇದು?

ಸರ್ ಮಾತ್ರ ನಗಲಿಲ್ಲ. "ಹೊಡಿಯವ್ರು ನಮ್ಮಲ್ಲಿ ಭಾಳ ಮಂದಿ ಅದಾರ. ಹಿಂದ ಕ್ಯಾರಿಯರ್ ಹಿಡಕೊಂಡು ಓಡವ್ರು ಸಿಗಂಗಿಲ್ಲ. ಓಡತೀರೇನು?" ಅಂದ್ರು. ಓಡೋದು! ಹೊಂಟ ಕ್ರೂಸರಿನ ಹಿಂದ ಓಡಿ ಓಡಿ ಬಾಗಲ ಬಡದು ಮಂದಿ ಹತ್ತಸೋದು ನನ್ನ ಹೊಟ್ಟಿಪಾಡು. ನನಗ ಅದನ್ನ ಕೇಳತಾರ.

ನನ್ನ ಪಾಲಿಗೆ ಬಂದಾಕಿ ಮೌನೇಶ್ವರಿ. ಏಳನೆತ್ತೆ, ನಿನಗಿಂತ ಒಂದು ವರ್ಷ ಸಣ್ಣಾಕಿ. ಮಾತಾಡಂಗಿಲ್ಲ, ಅಂಜತಾಳ, ಹ್ಯಾಂಡಲ್ ಹಿಡದ್ರ ಬೆರಳು ಬೆಳ್ಳಗ ಆಗತಾವ. ಅಂಜಿಕಿ ಹೋಗಲೆಂತ ನಾ ಹಿಂದಿಂದ ಮಾತು ಹಚ್ಚಿದೆ. ನದಿ ಕಥಿ ಸುರು ಮಾಡಿದೆ. ಏನು ಹೇಳಲಿ ರಾಧಿ, ಹುಡುಗಿ ಬಾಣ ಹೋದಂಗ ಹೊಂಟಿತು! ನಾ ಕ್ಯಾರಿಯರ್ ಬಿಟ್ಟು ಬರೇ ಬಾಯಿಲೆ ಓಡಾಕತ್ತೆ. ನಡು ನದ್ಯಾಗ ಮೊಸಳಿ ಬರೋ ಹೊತ್ತಿಗೆ ನನಗ ತೇಕು ಹತ್ತಿ ಒಂದೀಟು ಸುಮ್ಮಾದೆ. ದೊಪ್ಪಂತ ಬಿದ್ದಳು. ಓಡಿ ಹೋಗಿ ನೋಡಿದ್ರ, ನೆಲದ ಮ್ಯಾಲ ಬಿದ್ದಾಕಿ ಮಾರಿ ಎತ್ತಿ ಕೇಳತಾಳ, "ಮುಂದ ಏನಾತು ಮಾವ?"

ಆಮ್ಯಾಲ ನೋಡಿದ್ರ ನನ್ನ ಕೈಯಾಗಿನ ಹುಡುಗ್ಯಾರೆಲ್ಲ ಹಂಗ. ನಾ ಮಾತಾಡೋ ತನಕ ಸೈಕಲ್ ನಡೀತದ, ನನ್ನ ಬಾಯಿ ನಿಂತ್ರ ಸೈಕಲ್ ಬೀಳತದ. ಉಳಿದವರ ಕೈಯಾಗ ಕಲತವರು ತಾವ ಹೊಡೀತಾರ. ಮಹೇಶಕುಮಾರ ಸರ್ ನನ್ನ ಬಾಜೂಕ ಕರದು, "ಗುರಣ್ಣ, ನೀವು ಸೈಕಲ್ ಕಲಸಾಕತ್ತಿಲ್ಲ, ಕಥಿ ಕೇಳೋದು ಕಲಸಾಕತ್ತೀರಿ. ಯಾದಗಿರಿ ತನಕ ದಿನಾ ಹಿಂದ ಓಡತೀರೇನು?" ಅಂದ್ರು. ಬೇಕಾದ್ರ ಓಡತೀನಿ ಅಂದೆ. ಅವರು ಹಣಿ ಬಡಕೊಂಡ್ರು.

ನಿಮ್ಮವ್ವ ಬಾಗಲದಾಗ ನಿಂತ ಎಲ್ಲಾ ನೋಡತಾಳ. ಸಾರು ಹೊತ್ತಿ ಹೋದ್ರೂ ನೋಡತಾಳ.

ಮಾವ ಗುರಣ್ಣ

•

ಶಹಾಪುರ
೨೨ ಡಿಸೆಂಬರ್ ೨೦೨೪

ಮಾವ,

ಬಾಗಲದಾಗ ನಿಂತು ಅವ್ವ ಏನ ನೋಡತಾಳ? ಹುಡುಗ್ಯಾರನ್ನೋ ಸೈಕಲ್ಲನ್ನೋ? ನನ್ನ ವಿಷಯ ಏನರ ಅಂದಳೇನು? ಅಂದಿಲ್ಲಂದ್ರ ಅಂದಾಳಂತ ಸುಳ್ಳ ಬರೀಬ್ಯಾಡ.

ನಿನ್ನ ಪತ್ರ ದಿಂಬಿನ ಕೆಳಗ ಇಟಗೊಂಡೀನಿ. ಇಡೀ ಖೋಲಿಗೆ ಓದಿ ಹೇಳೀನಿ. ಎಲ್ಲಾರೂ ಕೇಳಾಕತ್ತಾರ, ಮೊಸಳಿ ಏನ ಮಾಡತು?

ರಾಧಿ

•

ಯಾದಗಿರಿ
೧೪ ಜನವರಿ ೨೦೨೫

ರಾಧಿ,

ಮೊಸಳಿ ನನ್ನ ನೋಡಿ ಅಂಜಿ ಹಾದಿ ಬಿಡತು. ಇನ್ನೇನು ಮಾಡತದ?

ಎಳ್ಳಮಾಸಿ ಆದ ಮರು ಐತವಾರ ಸಾಲಿ ಕಟ್ಟಿ ಮ್ಯಾಲ ಸಭಾ ಕೂಡತು. ಮೌನೇಶ್ವರಿ ಹಿಡದು ನಾಕು ಹುಡುಗ್ಯಾರು ತಯಾರಾಗಾಕತ್ತಾರ, ಜೂನಕ್ಕ ಯಾದಗಿರಿಗೆ ಕಳಸ್ರಿ ಅಂತ ಮಹೇಶಕುಮಾರ ಸರ್ ಮಂದಿಗೆ ಹೇಳಿದ್ರು. ನಿಮ್ಮವ್ವ ಎದ್ದು ನಿಂತಳು. "ಹುಡುಗ್ಯಾರ ಅಷ್ಟ ಹೋಗೋದು ಬ್ಯಾಡ. ಮುಂಜಾನಿ ಸಂಜಿ ಅವರ ಕೂಡ ದೊಡ್ಡವ್ರು ಒಬ್ಬರು ಸೈಕಲ್ ಮ್ಯಾಲ ಇರಬೇಕು. ಹಂಗಿದ್ರ ನನ್ನ ಮಗಳನ್ನೂ ಕರಸ್ತೀನಿ" ಅಂದಳು. ಕೇಳಿದೇನು? ನೀ ಕೇಳಿದ್ದಿ ಅಲ್ಲ, ನಿನ್ನ ವಿಷಯ ಏನಂದಳು ಅಂತ. ಇದು ಸುಳ್ಳಲ್ಲ, ಊರ ಕೇಳ್ಯಾದ.

ನಾ ಎದ್ದೆ. "ನಾ ಹೋಗತೀನಿ!" ಅಂದೆ. ಮಂದಿ ನಕ್ಕಿತು. ಮೌನೇಶ್ವರಿ ಸೈತ ನಕ್ಕಳು. ನಾನೂ ನಕ್ಕೆ. ಆ ದಿನ ಸಂಜಿಗೆ ಉಣಲಿಲ್ಲ.

ಮರುದಿನ ಸರ್ ಊರಾಗ ಬಿಟ್ಟು ಹೋಗಿದ್ದ ಒಂದು ಸೈಕಲ್ ತಗೊಂಡು ನಾ ಒಬ್ಬನ ಸಾಲಿ ಹಿಂದಿನ ಬಯಲಿಗೆ ಹೋದೆ. ಕ್ಯಾರಿಯರ್ ಹಿಡಿಯವ್ರು ಯಾರೂ ಇರಲಿಲ್ಲ. ಹತ್ತಿದೆ. ಅಲ್ಲಿ ಒಂದು ತಿಪ್ಪಿ ಅದ. ಅಷ್ಟ ಸಾಕು, ಹೆಚ್ಚಿಂದು ಕೇಳಬ್ಯಾಡ. ತಿಪ್ಪ್ಯಾಗಿಂದ ಎದ್ದು ನೋಡಿದ್ರ ಎದುರಿಗೆ ಒಬ್ಬಾಕಿ ಹೆಣ್ಮಗಳು ನಿಂತಾಳ. ನಗಲಿಲ್ಲ. ತನ್ನ ಸೆರಗಿಲೆ ನನ್ನ ಮಾರಿ ಒರಸಿದಳು. ಆಮ್ಯಾಲ ಸೈಕಲ್ ಎತ್ತಿ ನಿಂದರಿಸಿ, "ಹಿಂದ ಹಿಡಿ" ಅಂದಳು.

ಅಂದಿನಿಂದ ದಿನಾ ನಸುಕಿನ್ಯಾಗ ನನಗೊಂದು ಹೊಸ ಶಿಷ್ಯಾಳು. ಯಾರಂತ ಹೇಳಂಗಿಲ್ಲ, ಆಣಿ ಹಾಕ್ಯಾಳ. ಸೀರಿ ಉಡತಾಳ, ಬಿಸಿಯೂಟದ ಒಗ್ಗರಣಿ ವಾಸನಿ ಬರತದ, ನಿಮ್ಮಜ್ಜಿ ಬೈದಂಗ ನನ್ನ ಬೈತಾಳ. ನೀ ಶಾಣ್ಯಾಕಿ ಇದ್ದಿ, ನಾ ಏನೂ ಹೇಳಿಲ್ಲ.

ಒಂದು ತ್ರಾಸ ಅದ. ಅಕಿದೂ ಅದೇ ರೋಗ. ನಾ ಹಿಂದ ಬಾಯಿ ಬಡದ್ರ ಹೊಡೀತಾಳ, ಸುಮ್ಮಾದ್ರ ಕಾಲು ಊರತಾಳ. ಮಹೇಶಕುಮಾರ ಸರ್ ನನಗ ಹುಕುಂ ಮಾಡ್ಯಾರ, ಬಾಯಿ ಮುಚ್ಚಕೊಂಡು ಓಡೋದು ಕಲೀರಿ ಅಂತ. ಹುಟ್ಟಿದಾಗಿಂದ ನನಗ ಯಾರೂ ಇಂಥಾ ಶಿಕ್ಷಾ ಕೊಟ್ಟಿಲ್ಲ. ರೂಢಿ ಆಗಲೆಂತ ಸ್ಟ್ಯಾಂಡಿನ್ಯಾಗ ಒದರೋದು ಬಿಟ್ಟು ಉಳಿದ ಎಲ್ಲಾ ಮಾತು ಬಂದ್ ಮಾಡೀನಿ. ಪತ್ರಾನೂ ಮಾತ ಅಲ್ಲೇನು? ಅದಕ್ಕ ಇನ್ನ ಸ್ವಲ್ಪ ದಿನ ಬರಿಯಂಗಿಲ್ಲ. ತಪ್ಪು ತಿಳೀಬ್ಯಾಡ.

ಬಾಯಿ ಹೊಲಕೊಂಡ ನಿನ್ನ ಮಾವ

•

ಶಹಾಪುರ
೧೬ ಫೆಬ್ರವರಿ ೨೦೨೫

ಮಾವ,

ನಿನಗ ಏನು ಕಡಿಮಿ ಆಗ್ಯಾದ? ಒಂದು ತಿಂಗಳ ಮ್ಯಾಲಾತು. ಬಾಷುಮಿಯಾ ಕಾಕಾನ ಗಾಡಿ ಗೇಟಿನ ಮುಂದ ಹಾದಾಗೆಲ್ಲ ಓಡಿ ಹೋಗತೀನಿ. ಅಂವ ದೂರದಿಂದನ ಕೈ ಅಲ್ಲಾಡಸ್ತಾನ, ಇಲ್ಲಂತ. ಮೊದಲ ಸಿಟ್ಟ ಬಂತು. ಆಮ್ಯಾಲ ಅಂಜಿಕಿ ಬಂತು, ತಿಪ್ಪಿ ಬಿಟ್ಟು ಮತ್ತೆಲ್ಲರ ಬಿದ್ದಿ ಏನಂತ.

ಹೋದ ಐತವಾರ ಅವ್ವನ ಫೋನ್ ಬಂತು. ಬ್ಯಾರೆ ಯಾರಿಗೆ ಕೇಳಲಿ? "ಮಾವ ಹೆಂಗದಾನ?" ಅಂದೆ. ನಾ ಫೋನಿನ್ಯಾಗ ಮಾತಾಡಿದ್ದು ಈ ವರ್ಷದಾಗ ಅದ ಮೊದಲ. ಅವ್ವ ಮೂಗ ಏರಸಿದ ಸಪ್ಪಳ ಬಂತು. ಆಮ್ಯಾಲ ಅಂದಳು, "ಅಂವ ಬಾಯಿ ಮುಚ್ಚೋದು ಕಲ್ಯಾಕತ್ತಾನ, ಭಾಳ ಕಷ್ಟ ಪಡಾಕತ್ತಾನ." ನನಗ ನಗಿ ಬಂತು. ಅಕಿನೂ ನಕ್ಕಳು. ಏನ ಉಂಡಿ ಅಂತ ಕೇಳಿದಳು, ಹೇಳಿದೆ. ಕೂದಲಿಗೆ ಎಣ್ಣಿ ಯಾರ ಹಚ್ಚತಾರ ಅಂದಳು, ಹೇಳಿದೆ. ಹಿಂದಿನಾಕಿ, "ಸಾಕ ಬಿಡ ಅಕ್ಕ, ನಮ್ಮವ್ವಾನೂ ಕಾಯಾಕತ್ತಾಳ" ಅಂತ ನನ್ನ ಚೂಟಿದಳು.

ಇವತ್ತ ಮತ್ತ ಫೋನ್ ಬಂದಿತ್ತು. ನಿನ್ನ ಸುದ್ದಿ ಕೇಳೋದು ಮರತೆ.

ರಾಧಿಕಾ

•

೨ ಮಾರ್ಚ್ ೨೦೨೫

ರಾಧಿಗೆ ಅವ್ವ ಬರದದ್ದು

ನಾಕನೆತ್ತೆ ತನಕ ಕಲತದ್ದು ಅಕ್ಷರ ಸೊಟ್ಟ ಅವ ನಗಬ್ಯಾಡ. ಮಾವಗ ಹೇಳಿ ಬರಸಿದ್ರ ಅಂವ ತನ್ನದ ಸೇರಸ್ತಾನ ಅದಕ್ಕ ನಾ ಬರದೆ.

ನಿನ್ನ ಹಾಸ್ಟೆಲ್ಲಿಗೆ ಬಿಟ್ಟು ಬಂದ ದಿನ ನೀ ಹೊರಳಿ ನೋಡಲಿಲ್ಲ. ನಾ ಗೇಟಿನ ಹೊರಗ ನಿಂತಿದ್ದೆ. ನಿನಗ ಗೊತ್ತಿಲ್ಲ.

ನೀ ಬ್ಯಾಡಂತ ಕಳಿಸಿದ್ದಲ್ಲ. ಹಾದಿಗೆ ಅಂಜಿ ಕಳಿಸಿದ್ದು. ಲಾರಿ ಬಂದ್ರ ಈಗೂ ಅಂಜಿಕಿ ಬರತದ. ಆದ್ರ ಎಲ್ಲಿ ಡಾಂಬರ ಬಿಟ್ಟು ಕೆಳಗ ಇಳೀಬೇಕು ಅನ್ನೋದು ಈಗ ಗೊತ್ತಾಗ್ಯಾದ. ಮಾವ ನಿನಗ ಹೇಳಿರಬೇಕು. ಹೇಳಬ್ಯಾಡ ಅಂದ್ರ ಹೇಳದ ಬಿಡಾವಲ್ಲ.

ಸೀರಿ ಚೈನಿಗೆ ಸಿಕ್ಕು ಎರಡ ಸಲ ಬಿದ್ದೆ. ಮೊಣಕಾಲು ಕೆತ್ತಿತು, ಈಗ ಆರ‍್ಯಾದ. ಈಗ ಅಂಚು ಎತ್ತಿ ನಿನ್ನ ಹಳೆ ಸಾಲಿ ರಿಬ್ಬನ್ನಿಲೆ ಕಟಗೋತೀನಿ. ಕೆಂಪಂದು.

ಪರೀಕ್ಷಾ ಚಲೋ ಬರಿ.

ನಿನ್ನ ಅವ್ವ

•

ಯಾದಗಿರಿ
೨೬ ಮಾರ್ಚ್ ೨೦೨೫

ರಾಧಿ,

ಬಾಯಿ ಬಿಚ್ಚಾಕ ಹುಕುಂ ಸಿಕ್ಕಾದ. ಕೇಳು.

ಮಹೇಶಕುಮಾರ ಸರ್ ನಿಮ್ಮವ್ವಗ ಅಂದಿದ್ರು, "ಅಕ್ಕಾರ, ನಾಕು ಹುಡುಗ್ಯಾರ ಕೂಡ ಯಾದಗಿರಿ ತನಕ ಒಂದ ಸಲ ಹೋಗಿ ಬಂದು ತೋರಸ್ರಿ. ಪಾಲಕರು ಕಣ್ಣಾರೆ ನೋಡಲಿ. ಆದ್ರ ಗುರಣ್ಣನ ಧ್ವನಿ ಇರಬಾರದು." ನಿನ್ನೆ ಮುಂಜಾನಿ ಅದು. ಊರ ಮಂದಿ ರಸ್ತಾದ ಎರಡೂ ಬಾಜು ನಿಂತಿತ್ತು. ಬಾಷುಮಿಯಾ ಗಾಡಿ ಬಂದ್ ಮಾಡಿ ಬಂದಿದ್ದ. ನನ್ನ ನೋಡಿ, "ಅಕಿ ಹಳ್ಳದ ಸೇತುವೆ ದಾಟೋ ತನಕ ನಿನ್ನ ಬಾಯಿ ಮುಚ್ಚಿರತದೇನಪ್ಪ? ಪಂದ್ಯ?" ಅಂದ. ನಾ ಟವಲ್ ಬಾಯಾಗ ತುರಕೊಂಡು ಕೈ ಮಾಡಿದೆ, ಪಂದ್ಯ ಅಂತ.

ನಾಕು ಹುಡುಗ್ಯಾರು ಮುಂದ, ನಿಮ್ಮವ್ವ ಹಿಂದ. ನಾ ಕ್ಯಾರಿಯರ್ ಹಿಡದು ನಾಕ ಹೆಜ್ಜಿ ಓಡಿ, ಬಿಟ್ಟೆ. ಬಿಟ್ಟದ್ದು ಅಕಿಗೆ ಗೊತ್ತಾಗಲಿಲ್ಲ. ಸ್ವಲ್ಪ ದೂರ ಹೋಗಿ, ತಿರುಗಿ ನೋಡದ ಕೇಳಿದಳು: "ಅಣ್ಣಾ, ಹಿಂದ ಅದಿ ಏನು?"

ರಾಧಿ, ನಾ ಹಿಂದ ಇದ್ದೆ. ಇಷ್ಟ ಹತ್ರ. ಉತ್ತರ ಕೊಡಲಿಲ್ಲ. ಟವಲ್ ಕಚ್ಚಿಕೊಂಡು ಓಡಿದೆ.

"ಅಣ್ಣಾ?" ಅಂದಳು ಮತ್ತ. ಸೈಕಲ್ ಅತ್ತ ಇತ್ತ ಅಲ್ಲಾಡತು. ಸಣ್ಣಾಕಿದ್ದಾಗ ಅಕಿ ಹಳ್ಳ ದಾಟಬೇಕಾದ್ರ ಹಿಂಗ ಕೇಳತಿದ್ದಳು. ಆವಾಗ ನಾ ಉತ್ತರ ಕೊಡದ ಬಿಟ್ಟಿದ್ದಿಲ್ಲ. ನಾ ನಿಂತೆ. ನಿಂತ ಕೂಡಲೆ ಸೈಕಲ್ ನೆಟ್ಟಗಾತು. ಅಕಿ ಮತ್ತ ಕರೀಲಿಲ್ಲ.

ಅಷ್ಟರಾಗ ಎದುರಿಗೆ ಕಲ್ಲಿನ ಲಾರಿ. ಗಂಟಿ ಬಾರಿಸಿ, "ಬಾಜೂಕ ಬರ್ರೇ!" ಅಂತ ಹುಡುಗ್ಯಾರಿಗೆ ಒದರಿದಳು. ಐದೂ ಸೈಕಲ್ ಡಾಂಬರ ಬಿಟ್ಟು ಕೆಳಗ ಇಳದು ನಿಂತವು. ಲಾರಿ ಹೋತು, ಧೂಳು ಮುಚ್ಚಿತು. ನಾ ಧೂಳಿನ್ಯಾಗ ಕಣ್ಣ ಕಿಸಕೊಂಡು ನೋಡತೀನಿ, ಯಾರೂ ಹಿಡದಿಲ್ಲ, ಯಾರೂ ತಳ್ಳಿಲ್ಲ, ತಾನ ಪೆಡಲ್ ತುಳದು ತಾನ ಹತ್ತಿ ಹೊಂಟಾಳ. ಕಾಲಾಗ ಆ ಕೆಂಪು ರಿಬ್ಬನ್.

ಸೇತುವೆ ಇನ್ನೂ ಮುಂದಿತ್ತು. ನನಗ ತಡಿಯಾಕ ಆಗಲಿಲ್ಲ. ಟವಲ್ ಕಿತ್ತು ಒಗದು, ಸ್ಟ್ಯಾಂಡಿನ್ಯಾಗ ಒದರೋ ಹಂಗ ಎದಿ ತುಂಬ ಒದರಿದೆ: "ಯಾದಗಿರಿ ಯಾದಗಿರಿ ಯಾದಗಿರೀ!" ಊರ ನಕ್ಕಿತು. ಈ ಸಲ ಆ ನಗಿ ನನಗ ಹಿತ ಅನಸ್ತು. ಬಾಷುಮಿಯಾ ಅಂಗೈ ಚಾಚಿದ.

ಧ್ವನಿ ಕೇಳಿ ಅಕಿ ಕಾಲು ಊರಲಿಲ್ಲ. ತಿರುಗಿ ನೋಡಲಿಲ್ಲ. ಒಂದ ಸಲ ಗಂಟಿ ಬಾರಿಸಿದಳು, ಅಷ್ಟ.

ಮುದನಾಳ ದಾಟಿ ಯಾದಗಿರಿಗೆ ಹೋಗಿ, ನೆಟ್ಟಗ ಹೈಸ್ಕೂಲ್ ಒಳಗ ಹೋಗಿ, ಹೆಡ್ ಮಾಸ್ತರ ಮುಂದ ನಿಂತಾಳ. ಬೆವರ ಒರಸ್ಕೋತ, "ನನ್ನ ಮಗಳಿಗೆ ಒಂಬತ್ತನೆತ್ತೆಗೆ ಜಾಗ ಕೊಡ್ರಿ. ದಿನಾ ನಾನ ಕರಕೊಂಡು ಬರತೀನಿ, ನಾನ ಕರಕೊಂಡು ಹೋಗತೀನಿ" ಅಂದಾಳ. ಅವರು ಟಿ.ಸಿ. ತರ್ರಿ ಅಂದಾರ. ಪಾರ್ವತಿಬಾಯಿ ಅಕ್ಕಾರಿಗೆ ಮಹೇಶಕುಮಾರ ಸರ್ ಫೋನ್ ಮಾಡ್ಯಾರ. ನೀ ಪರೀಕ್ಷಾ ಮುಗಿಸಿ ಟ್ರಂಕ್ ಕಟಗೊ. ನಾಕು ಹುಡುಗ್ಯಾರ ಮನಿಯವರೂ ಹ್ಞೂಂ ಅಂದಾರ.

ನೀ ಸೈಕಲ್ ಕಲೀಬೇಕಲ್ಲ, ರಜಾದಾಗ ನಾನ ಕಲಸ್ತೀನಿ ಅಂದೆ. ಭೀಮಾ ನದಿ ಕಥಿ ಮೊದಲಿಂದ ಹೇಳತೀನಿ ಅಂತ ತಯಾರಾಗಿದ್ದೆ. ನಿಮ್ಮವ್ವ ನನ್ನ ತೆಳಗ ಮ್ಯಾಲ ನೋಡಿ, "ನೀ ಸ್ಟ್ಯಾಂಡಿಗೆ ಹೋಗಣ್ಣ. ಅಕಿ ಕ್ಯಾರಿಯರ್ ನಾ ಹಿಡೀತೀನಿ" ಅಂದಳು. ಇಷ್ಟ ದೊಡ್ಡ ಗುರುವಿಗೆ ಇಷ್ಟ ಮರ್ಯಾದಿ. ಇರಲಿ. ಅಕಿ ಹಿಂದ ಇದ್ದಾಗ ನೀ ಕರದ್ರ ಅಕಿ ಉತ್ತರ ಕೊಡತಾಳೋ ಇಲ್ಲೋ, ಅದು ನೀವಿಬ್ಬರು ನೋಡಕೋರಿ.

ನಿನ್ನ ಹಾದಿ ಕಾಯೋ ಮಾವ
ಗುರಣ್ಣ

ತಾ.ಕ. ಬಾಷುಮಿಯಾನ ಕೂಡ ಪಂದ್ಯದಾಗ ಐದು ಸಾವಿರ ಸೋತೆ. ಹುಲಿಯಂಥಾ ಗಂಡಸಿಗೆ ಐದು ಸಾವಿರ ಯಾವ ಲೆಕ್ಕ? ನಿಮ್ಮವ್ವ ಹೆಗಲ ಮ್ಯಾಲಿಂದ ಬಗ್ಗಿ ಇದನ್ನ ಓದಾಕತ್ತಾಳ, ಐನೂರಂತ ಬರೀತೀನಿ. ಚಿಮಟಿ ಹಾಕಿದಳು. ಆತವ್ವ ಆತು. ಸೋತದ್ದು ಇಪ್ಪತ್ತು ರೂಪಾಯಿ, ಅದನ್ನೂ ಅಕಿ ಕಡಿಂದನ ಇಸಗೊಂಡು ಕೊಟ್ಟೀನಿ.